ಹಿಮದ ನಾಡಿನಿಂದ ಬಸ್ತರದ ಕಾಡಿಗೆ

ಬಸ್ತರದ ಹುಡುಗನೂ ಹುಲಿಯೂ ಜೊತೆಯಾಗಿ ಕುಳಿತ ಚಿತ್ರವನ್ನು ಕಂಡವರು ಅಸಂಖ್ಯ. ಆ ಹುಡುಗನನ್ನು ಬೆಳ್ಳಿತೆರೆಗೆ ಕರೆತಂದ ಸ್ವೀಡನ್ನಿನ ಸಾಕ್ಷ್ಯಚಿತ್ರಕಾರನನ್ನು ಬಲ್ಲವರು ವಿರಳ. ಆಸ್ಕರ್ ಗೆದ್ದು, ಕಾನ್ ಉತ್ಸವದಲ್ಲಿ ಗೌರವ ಪಡೆದು, ಸಾಲಸೋಲಗಳಲ್ಲಿ ಬೆಂದು, ಕೊನೆಗೆ ಬ್ರೆಜಿಲಿನ ಜೌಗುನಾಡಿನಲ್ಲಿ ನೆಲೆನಿಂತ ಆರ್ನೆ ಸುಕ್ಸ್‌ಡಾರ್ಫನ ಕಥೆಯಿದು!

ಹುಡುಗನಿಗೆ ಹತ್ತರ ಆಸುಪಾಸಿನ ವಯಸ್ಸು. ಸೊಂಟದ ತುಂಡುಬಟ್ಟೆಯಲ್ಲದೆ ಮೈಮೇಲೆ ಬೇರೊಂದು ಉಡುಗೆಯಿಲ್ಲ. ಅವನ ಪಕ್ಕದಲ್ಲಿ, ಅವನ ತೋಳು ತನ್ನ ಕೊರಳನ್ನು ಬಳಸಿರುವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಅರೆಬೆಳೆದ ಹುಲಿಯೊಂದು ಕುಳಿತಿದೆ. ಹುಡುಗನ ಮುಖದಲ್ಲಿ ಭೀತಿಯಿಲ್ಲ, ಶೌರ್ಯವನ್ನು ಮೆರೆಯುವ ಬಿಗುವೂ ಇಲ್ಲ; ನೆರೆಮನೆಯ ಗೆಳೆಯನೊಡನೆ ಜಗಲಿಯ ಮೇಲೆ ಕುಳಿತವನ ನಿರಾಳವೊಂದೇ ಅಲ್ಲಿರುವುದು.

ವಿಶ್ವ ಹುಲಿ ದಿನವಾದ ಜುಲೈ 29 ಸಮೀಪಿಸಿತೆಂದರೆ ಈ ಹುಡುಗನ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಸಾಗತೊಡಗುತ್ತವೆ. 'ಬಸ್ತರದ ಮೊಗ್ಲಿ' ಎಂಬ ಒಕ್ಕಣೆಯಿರುತ್ತದೆ. ಅವನ ಹೆಸರು ಒಮ್ಮೊಮ್ಮೆ ಇರುತ್ತದೆ, ಒಮ್ಮೊಮ್ಮೆ ಇರುವುದಿಲ್ಲ. ಹೆಸರು ಚೆಂದ್ರು. ಇಂದಿನ ಛತ್ತೀಸಗಢದ ನಾರಾಯಣಪುರ ಜಿಲ್ಲೆಯ ಗಡ್ ಬೆಂಗಾಲ್ ಎಂಬ ಹಳ್ಳಿಯ ಮುರಿಯಾ ಗೊಂಡ ಬುಡಕಟ್ಟಿನವರ ಮಗ. ಅವನನ್ನೂ ಹುಲಿಯನ್ನೂ ಸ್ಥಿರಚಿತ್ರಗಳಲ್ಲಿ ಸೆರೆಹಿಡಿದು, ಅವುಗಳಿಂದ ಮಕ್ಕಳಿಗಾಗಿ ಒಂದು ಪುಸ್ತಕವನ್ನು ಹೆಣೆದು, ಅದು ಅನೇಕ ಭಾಷೆಗಳಲ್ಲಿ ಓದುಗರನ್ನು ಪಡೆಯುವಂತೆ ಮಾಡಿದವಳು ಆಸ್ಟ್ರಿಡ್ ಬರ್ಗ್‌ಮನ್ ಸುಕ್ಸ್‌ಡಾರ್ಫ್ ಎಂಬ ಸ್ವೀಡನ್ನಿನ ಛಾಯಾಗ್ರಾಹಕಿ. ಆಕೆಯ ಪತಿ ಆರ್ನೆ ಅದೇ ಕಾಡಿನಲ್ಲಿ ಅದೇ ಕಾಲದಲ್ಲಿ ಚಲನಚಿತ್ರದ ಕ್ಯಾಮೆರಾ ಹಿಡಿದು ನಿಂತಿದ್ದನು.

ಆ ಚಿತ್ರ 1957ರಲ್ಲಿ ತೆರೆಕಂಡ 'ಅಡವಿಯ ಕಥೆ'. ಅದನ್ನು ತೆಗೆದವನ ಜೀವನವನ್ನು ಅರಿಯದೆ ಚಿತ್ರದ ಮಹತ್ತ್ವವಾಗಲಿ ಅದರ ಕೊರತೆಯಾಗಲಿ ಪೂರ್ಣವಾಗಿ ತಿಳಿಯುವಂತಿಲ್ಲ.

ಕಾದು ಕುಳಿತ ಕಣ್ಣು

ಸ್ಟಾಕ್‌ಹೋಮಿನಲ್ಲಿ 1917ರ ಫೆಬ್ರವರಿ 3ರಂದು ಜನಿಸಿದ ಆರ್ನೆ ಸುಕ್ಸ್‌ಡಾರ್ಫನು ಮೊದಲು ಪ್ರಕೃತಿವಿಜ್ಞಾನದ ವ್ಯಾಸಂಗಕ್ಕೆ ತೊಡಗಿ, ಅಲ್ಲಿ ಮನಸ್ಸು ನಿಲ್ಲದೆ ಚಿತ್ರಕಲೆಯ ಕಡೆಗೆ ಹೊರಳಿ, ಬರ್ಲಿನ್ನಿನ ಕಲಾಶಾಲೆಯೊಂದರಲ್ಲಿ ಕೆಲಕಾಲ ಕಲಿತು, ಕಡೆಗೆ ಕ್ಯಾಮೆರಾದಲ್ಲಿ ತನ್ನ ಎರಡು ಒಲವುಗಳಿಗೂ ಏಕತ್ರ ನೆಲೆಯನ್ನು ಕಂಡುಕೊಂಡನು. ಪ್ರಾಣಿಯ ನಡೆಯನ್ನು ದಿನಗಟ್ಟಲೆ ಗಮನಿಸುವ ವಿಜ್ಞಾನಿಯ ತಾಳ್ಮೆ, ಬೆಳಕು ಯಾವ ಕೋನದಿಂದ ಬಿದ್ದರೆ ಹುಲ್ಲಿನ ಗರಿ ಮಿನುಗೀತೆಂಬುದನ್ನು ಬಲ್ಲ ಚಿತ್ರಗಾರನ ದೃಷ್ಟಿ, ಇವೆರಡೂ ಆತನಲ್ಲಿ ಬೇರೆ ಬೇರೆಯಾಗಿ ಉಳಿಯಲಿಲ್ಲ. ಮೊದಲ ಕಿರುಚಿತ್ರ 1939ರದು.

ಐರೋಪ್ಯ ಖಂಡವೆಲ್ಲ ಯುದ್ಧದಲ್ಲಿ ಉರಿಯುತ್ತಿದ್ದಾಗ ತಟಸ್ಥವಾಗಿದ್ದ ಸ್ವೀಡನ್ನಿನಲ್ಲಿ, ಸ್ವೆನ್ಸ್ಕ್ ಫಿಲ್ಮ್‌ಇಂಡಸ್ಟ್ರಿ ಎಂಬ ದೊಡ್ಡ ಸಂಸ್ಥೆಯ ಆಶ್ರಯದಲ್ಲಿ, ಈ ಯುವಕನು ಒಂದಾದ ಮೇಲೊಂದರಂತೆ ಕಿರುಚಿತ್ರಗಳನ್ನು ರಚಿಸಿದನು. ಅವುಗಳಲ್ಲಿ 1944ರ 'ಟ್ರುಟ್' ವಿಶೇಷ ಗಮನಕ್ಕೆ ಅರ್ಹವಾದುದು. ಬಾಲ್ಟಿಕ್ ಸಮುದ್ರದ ಬಂಡೆಗಳ ಮೇಲೆ ಸಹಸ್ರಾರು ಪಕ್ಷಿಗಳು ಗೂಡುಕಟ್ಟಿ ಮರಿಮಾಡುವ ಋತು. ಅವುಗಳ ನಡುವೆ ಗಲ್ ಜಾತಿಯ ದೊಡ್ಡ ಕಡಲಹಕ್ಕಿಯೊಂದು ಎರಗಿ ಎರಗಿ ಮೊಟ್ಟೆಗಳನ್ನು ಅಪಹರಿಸುತ್ತದೆ. ಕಣ್ಣಿಗೆ ಕಾಣುವುದು ಇಷ್ಟೆ. ಆದರೆ ಆ ವರ್ಷದಲ್ಲಿ ಅದನ್ನು ನೋಡಿದವರಲ್ಲಿ ಅನೇಕರಿಗೆ, ನೆರೆಯ ರಾಷ್ಟ್ರಗಳ ಮೇಲೆ ಎರಗಿದ ನಾತ್ಸಿ ಸೈನ್ಯವೇ ಆ ಹಕ್ಕಿಯ ರೆಕ್ಕೆಗಳಲ್ಲಿ ಗೋಚರಿಸಿತು.

ಈ ವಸ್ತುವಿನ ಸಾಮೀಪ್ಯಕ್ಕೆ ಬಹುಕಾಲದ ಅನಂತರ ಆತನು ಮತ್ತೆ ಬಂದನೆಂಬುದು ಕುತೂಹಲಕರವಾದ ಸಂಗತಿ. ಒಬ್ಬ ತರುಣ ಜೀವಶಾಸ್ತ್ರಜ್ಞನು ಪೆಂಗ್ವಿನ್‌ಗಳ ನಡುವೆ ಕಳೆಯುವ ದಿನಗಳ ಕುರಿತು ಬ್ರಿಟಿಷರು ತೆಗೆದ 1971ರ ಕಥಾಚಿತ್ರವೊಂದಕ್ಕೆ ಅಂಟಾರ್ಕ್ಟಿಕದ ಪ್ರಾಣಿದೃಶ್ಯಗಳನ್ನು ಒದಗಿಸಿದವನು ಇದೇ ಸುಕ್ಸ್‌ಡಾರ್ಫನು. ಅಲ್ಲಿಯೂ ಮೊಟ್ಟೆಮರಿಗಳ ಮೇಲೆ ಎರಗುವ ಸ್ಕುವಾ ಎಂಬ ಕಡಲಹಕ್ಕಿಗಳಿವೆ. ಕಾಯುವವರ ಅಸಹಾಯಕತೆಯೂ ಇದೆ.

1948ರ 'ಒಡೆದ ಜಗತ್ತು' ಎಂಬ ಕಿರುಚಿತ್ರವು ನನ್ನ ದೃಷ್ಟಿಯಲ್ಲಿ ಆತನ ಕೃತಿಗಳಲ್ಲೆಲ್ಲ ಅತ್ಯಂತ ಸಾಂದ್ರವಾದುದು. ಶೀತಕಾಲದ ರಾತ್ರಿ. ಹಿಮ ಹೊದೆದ ಕಾಡಿನಂಚಿನ ಇಗರ್ಜಿಯಿಂದ ಆರ್ಗನ್ ವಾದ್ಯದ ಗಂಭೀರ ನಾದ ಹೊರಟು ಬರುತ್ತಿದೆ. ಹೊರಗೆ, ಬೆಳುದಿಂಗಳಿನಲ್ಲಿ, ನರಿಯುಂಟು, ಬಿಳಿಯ ಮೊಲವುಂಟು, ಮುಂಗುಸಿಯನ್ನು ನೆನಪಿಗೆ ತರುವ ಬಿಳಿಮೈಯ ಅರ್ಮಿನ್ ಉಂಟು, ಕೊಂಬೆಯ ಮೇಲೆ ಗೂಬೆಯುಂಟು. ಒಂದು ಕಡೆ ಪ್ರಾರ್ಥನೆಯ ಸಂಗೀತ, ಇನ್ನೊಂದು ಕಡೆ ಹಸಿವಿನ ಹೆಜ್ಜೆ. ಒಂದನ್ನೊಂದು ಅರಿಯದ ಎರಡು ಲೋಕಗಳನ್ನು ಒಂದೇ ಚೌಕಟ್ಟಿಗೆ ತಂದಿರಿಸಿ, ಯಾವುದು ಮಿಗಿಲೆಂದು ತೀರ್ಪುಕೊಡದೆ ಆತನು ಸುಮ್ಮನಾಗುತ್ತಾನೆ. ವಿವರಣೆಯ ಮಾತೊಂದನ್ನು ಅಲ್ಲಿ ಸೇರಿಸಿದ್ದರೆ ಚಿತ್ರವೆಲ್ಲ ಕೆಟ್ಟುಹೋಗುತ್ತಿತ್ತು.

ಮಾತನ್ನು ತ್ಯಜಿಸುವ ಈ ಧೈರ್ಯವೇ 1947ರ 'ನಗರದ ಲಯ'ಕ್ಕೂ ಬೆನ್ನೆಲುಬು. ಸ್ಟಾಕ್‌ಹೋಮ್ ನಗರದ ನೀರು, ದೋಣಿ, ಮಕ್ಕಳು, ಕಡಲಹಕ್ಕಿ, ಬೀದಿಯ ಜನಸಂದಣಿ, ಇವುಗಳನ್ನು ಕಥೆಯಿಲ್ಲದೆ, ನಾಯಕನಿಲ್ಲದೆ, ಕೇವಲ ದೃಶ್ಯಗಳ ಏರಿಳಿತದಿಂದ ಪೋಣಿಸಿದ ಚಿತ್ರವದು. 1949ರ ಮಾರ್ಚಿನಲ್ಲಿ ನಡೆದ ಸಮಾರಂಭದಲ್ಲಿ ಅದಕ್ಕೆ ಕಿರುಚಿತ್ರ ವಿಭಾಗದ ಆಸ್ಕರ್ ದೊರೆಯಿತು. ಸ್ವೀಡನ್ನಿನ ಚಿತ್ರವೊಂದಕ್ಕೆ ಸಂದ ಮೊದಲ ಆಸ್ಕರ್ ಅದು. ಆದರೆ ಅಕಾಡೆಮಿಯ ದಾಖಲೆಯಲ್ಲಿ ಪ್ರಶಸ್ತಿ ಪಡೆದವನೆಂದು ನಮೂದಾಗಿರುವುದು ಅಮೆರಿಕದಲ್ಲಿ ಆ ಚಿತ್ರವನ್ನು ಹೊರತಂದ ಕಂಪನಿಯ ನಿರ್ಮಾಪಕ ಎಡ್ಮಂಡ್ ರೀಕನ ಹೆಸರು. ಮುಂದೆ ಸುಕ್ಸ್‌ಡಾರ್ಫನು ತನ್ನ ಚಿತ್ರಕ್ಕೆ ತಾನೇ ನಿರ್ಮಾಪಕನಾದಾಗ ಅದರ ಫಲವೂ ಹೊಣೆಯೂ ನೇರವಾಗಿ ಆತನವೇ ಆದುವು.

> ಕಿರುನೋಟ
> ಜನನ: 1917, ಸ್ಟಾಕ್‌ಹೋಮ್. ನಿಧನ: 2001ರ ಮೇ 4, ಅದೇ ನಗರದಲ್ಲಿ.
> ಆಸ್ಕರ್: 'ನಗರದ ಲಯ' (1947).
> ಕಾನ್ ಉತ್ಸವದ ಪ್ರಶಸ್ತಿ: 'ಮಹಾಸಾಹಸ' (1953).
> ಸ್ವೀಡನ್ನಿನ ಗುಲ್ಡ್‌ಬಾಗ್ಗೆ ಪ್ರಶಸ್ತಿ, ಶ್ರೇಷ್ಠ ನಿರ್ದೇಶಕ: 'ನನ್ನ ಮನೆ ಕೊಪಕಬಾನ' (1965).
> ಭಾರತದಲ್ಲಿ ತೆಗೆದವು: 1951ರ ಎರಡು ಕಿರುಚಿತ್ರಗಳು, 1957ರ 'ಅಡವಿಯ ಕಥೆ'.

ಅಟ್ಟದ ಮೇಲಿನ ನೀರುನಾಯಿ

ಸುಕ್ಸ್‌ಡಾರ್ಫನು ತಾನೇ ನಿರ್ಮಾಪಕನಾದ ಆ ಚಿತ್ರ 1953ರ 'ಮಹಾಸಾಹಸ'. ನಿರ್ಮಾಪಕ, ಲೇಖಕ, ನಿರ್ದೇಶಕ, ಛಾಯಾಗ್ರಾಹಕ, ಸಂಕಲನಕಾರ, ಇವಿಷ್ಟೂ ತಾನೊಬ್ಬನೇ ಆಗಿದ್ದುದಲ್ಲದೆ, ಅದರಲ್ಲಿ ಬರುವ ರೈತ ತಂದೆಯ ಪಾತ್ರವನ್ನೂ ಆತನೇ ವಹಿಸಿದನು. ಇಬ್ಬರು ಹುಡುಗರಲ್ಲಿ ಕಿರಿಯವನು ಆತನ ಸ್ವಂತ ಮಗ ಶೆಲ್.

ಕಥೆ ಎಷ್ಟು ಸರಳವೋ ಅಷ್ಟೇ ಆಳವಾದುದು. ಕಾಡಿನಂಚಿನ ಹೊಲಮನೆಯ ಅಣ್ಣತಮ್ಮಂದಿರು ಸಾವಿನ ದವಡೆಯಿಂದ ಒಂದು ನೀರುನಾಯಿಯನ್ನು ಪಾರುಮಾಡಿ, ಹಿರಿಯರಾರಿಗೂ ತಿಳಿಯದಂತೆ ಅಟ್ಟದ ಮೇಲೆ ಅಡಗಿಸಿಟ್ಟು, ಹೊರಗೆ ಕೆರೆಗಳೆಲ್ಲ ಹೆಪ್ಪುಗಟ್ಟಿದ ಆ ದೀರ್ಘ ಚಳಿಗಾಲದಲ್ಲಿ ಗುಟ್ಟಾಗಿ ಮೀನು ಒದಗಿಸಿ ಸಾಕುತ್ತಾರೆ. ಗುಟ್ಟು ಬಯಲಾದೀತೆಂಬ ಅಳುಕು ಒಂದೆಡೆ. ತಮ್ಮದೇ ಆದ ಕಾಡುಜೀವವೊಂದು ತಮ್ಮ ಛಾವಣಿಯ ಕೆಳಗಿದೆಯೆಂಬ ಹಿಗ್ಗು ಇನ್ನೊಂದೆಡೆ. ವಸಂತ ಬಂದಾಗ ನೀರುನಾಯಿ ನೀರಿಗೆ ಹೋಗುತ್ತದೆ; ಮರಳಿ ಬರುವುದಿಲ್ಲ. ಆ ಎಳೆಯ ಮನಸ್ಸುಗಳು ಮೊದಲ ಬಾರಿಗೆ ಕಳೆದುಕೊಳ್ಳುವುದೆಂದರೇನೆಂದು ಅರಿಯುತ್ತವೆ.

ನರಿ ಕೋಳಿಯ ಮೇಲೆ ಕಣ್ಣಿಟ್ಟು ಬರುವುದು, ಲಿಂಕ್ಸ್ ಎಂಬ ಕಾಡುಬೆಕ್ಕು ಹಿಮದ ಮೇಲೆ ಸದ್ದಿಲ್ಲದೆ ಕಾಲಿಡುವುದು, ನೀರುನಾಯಿ ಹಿಮದ ಇಳಿಜಾರಿನಲ್ಲಿ ಜಾರಿ ಆಡುವುದು, ಇವು ತೆರೆಯ ಮೇಲೆ ಬಂದುಹೋಗುವುದು ಕ್ಷಣಾರ್ಧದಲ್ಲಿ. ಅವುಗಳ ಹಿಂದಿರುವುದು ಋತುಗಳ ಕಾಯುವಿಕೆ. ಅವುಗಳಲ್ಲಿ ಕೆಲವು ಪ್ರಾಣಿಗಳನ್ನು ಆತನು ತನ್ನ ಬಳಿಯೇ ಸಾಕಿ, ಕ್ಯಾಮೆರಾದ ಸದ್ದಿಗೆ ಒಗ್ಗಿಸಿ, ಬೇಕಾದ ದೃಶ್ಯಕ್ಕೆ ಅನುವುಗೊಳಿಸಿದುದುಂಟು. ಹಾಗಾದರೆ ಇದು ಸಾಕ್ಷ್ಯಚಿತ್ರವೆ, ಕಥಾಚಿತ್ರವೆ ಎಂಬ ಪ್ರಶ್ನೆಯನ್ನು ಅಂದೂ ಕೇಳಿದರು, ಇಂದೂ ಕೇಳುತ್ತಾರೆ.

ಸಾಕ್ಷ್ಯಚಿತ್ರದ ಆದ್ಯನೆನಿಸಿದ ರಾಬರ್ಟ್ ಫ್ಲಾಹರ್ಟಿಯೂ 1922ರ 'ನಾನೂಕ್'ನಲ್ಲಿ ಆರ್ಕ್ಟಿಕ್ ಜನರಿಂದ ಎಷ್ಟೋ ದೃಶ್ಯಗಳನ್ನು ಹೇಳಿ ಮಾಡಿಸಿದ್ದನು. ಅಣಿಗೊಳಿಸಿದ ಮಾತ್ರಕ್ಕೆ ದೃಶ್ಯ ಸುಳ್ಳಾಗದು. ಪ್ರಾಣಿಯು ತನ್ನ ಸ್ವಭಾವಕ್ಕೆ ಹೊರತಾದುದನ್ನು ಮಾಡುವಂತೆ ತೋರಿಸಿದರೆ, ಅದರ ಹಸಿವನ್ನು ದುಷ್ಟತನವೆಂದೋ ಅದರ ಆಟವನ್ನು ವಿದೂಷಕತನವೆಂದೋ ವಾದ್ಯ ಬಾರಿಸಿ ನಗಿಸಿದರೆ, ಆಗ ಅದು ಸುಳ್ಳು. ಅಮೆರಿಕದ ವಾಲ್ಟ್ ಡಿಸ್ನಿಯ ಸಂಸ್ಥೆ ಅದೇ ವರ್ಷಗಳಲ್ಲಿ ತೆಗೆದ ಜನಪ್ರಿಯ ಪ್ರಾಣಿಚಿತ್ರಗಳಲ್ಲಿ ಈ ದೋಷ ಪದೇಪದೇ ಕಾಣಿಸಿಕೊಳ್ಳುತ್ತದೆ. ಸುಕ್ಸ್‌ಡಾರ್ಫನ ನರಿಗೆ ಹಸಿವಿದೆ, ಅಷ್ಟೆ. 1954ರ ಕಾನ್ ಉತ್ಸವವು ಆ ಸಂಯಮವನ್ನು ಗುರುತಿಸಿ ಪ್ರಶಸ್ತಿಯಿತ್ತು ಗೌರವಿಸಿತು.

ಮುರಿಯಾರ ನಾಡಿನಲ್ಲಿ

ಭಾರತದೊಡನೆ ಆತನ ಸಂಬಂಧ 'ಮಹಾಸಾಹಸ'ಕ್ಕೂ ಮೊದಲಿನದು. 1951ರಲ್ಲಿ ಹೊರಬಂದ ಎರಡು ಕಿರುಚಿತ್ರಗಳಲ್ಲಿ ಒಂದು ಭಾರತದ ಹಳ್ಳಿಯೊಂದನ್ನು ಕುರಿತದ್ದು, ಇನ್ನೊಂದು ಕಾಶ್ಮೀರದ ನದಿಯನ್ನೂ ಅದರ ಮೇಲಿನ ದೋಣಿಬಾಳನ್ನೂ ಕುರಿತದ್ದು. 'ಮಹಾಸಾಹಸ'ದ ಕೀರ್ತಿಯ ಬೆನ್ನಿಗೇ ಆತನು ಮಡದಿಯೊಡನೆ ಬಸ್ತರದ ಸಾಲವೃಕ್ಷಗಳ ಅರಣ್ಯವನ್ನು ಹೊಕ್ಕು ದೀರ್ಘಕಾಲ ಅಲ್ಲಿ ಉಳಿದನು.

'ಅಡವಿಯ ಕಥೆ' ವರ್ಣಚಿತ್ರ. ಅಗಾಸ್ಕೋಪ್ ಎಂಬ ಸ್ವೀಡನ್ನಿನ ಅಗಲತೆರೆಯ ವಿಧಾನದಲ್ಲಿ ತೆಗೆದುದು. ಸಂಗೀತ ಪಂಡಿತ್ ರವಿಶಂಕರರದು. ಸತ್ಯಜಿತ್ ರಾಯರ 'ಪಥೇರ್ ಪಾಂಚಾಲಿ'ಗೆ ಅವರು ಸಂಗೀತವೊದಗಿಸಿದ್ದ ಕಾಲವೇ ಅದು. ಹಳ್ಳಿಯನ್ನು ಕಾಡುವ ಚಿರತೆ, ಬಿಲ್ಲುಬಾಣಗಳನ್ನೇ ನೆಚ್ಚಿದ ಬೇಟೆಗಾರರು, ಆ ಭಯದ ನಡುವೆಯೂ ನಡೆಯುವ ಹಾಡು ಕುಣಿತ ಒಲವು, ಇವುಗಳ ಸುತ್ತ ಕಥೆ ಬೆಳೆಯುತ್ತದೆ. ಪಾತ್ರಧಾರಿಗಳೆಲ್ಲ ಮುರಿಯಾ ಜನರೇ. ಅವರ ನಡುವಿನ ಹುಡುಗ ಚೆಂದ್ರು.

ಚಿತ್ರವು ಮನೋಹರವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ 'ಒಡೆದ ಜಗತ್ತ'ನ್ನು ಕಂಡ ಕಣ್ಣಿಗೆ ಇದರಲ್ಲಿ ಒಂದು ನ್ಯೂನತೆ ಗೋಚರಿಸದಿರದು. ಸ್ವೀಡನ್ನಿನ ಹೊಲಮನೆಯಲ್ಲಿ ಆತನು ಮನೆಯವನು; ಅಲ್ಲಿನ ಹುಡುಗರ ಅಳುಕು ಹಿಗ್ಗುಗಳನ್ನು ಒಳಗಿನಿಂದ ಬಲ್ಲವನು. ಬಸ್ತರದಲ್ಲಿ ಆತನು ಅತಿಥಿ. ಕಾಲದ ಸೋಂಕಿಲ್ಲದ ಆದಿಮ ಲೋಕವೊಂದನ್ನು ಕಾಣಬೇಕೆಂಬ ಹಂಬಲದಿಂದ ಬಂದ ಅತಿಥಿಗೆ ಆತಿಥೇಯರ ದೈನಂದಿನ ಬವಣೆಗಳು, ಅರಣ್ಯದ ಕಾನೂನು, ಸಂತೆಯ ವ್ಯವಹಾರ, ಸಾಲ, ರೋಗ ಇವು ಕಣ್ಣಿಗೆ ಬಿದ್ದರೂ ಚೌಕಟ್ಟಿನೊಳಗೆ ಬರುವುದಿಲ್ಲ. ಸೌಂದರ್ಯವನ್ನು ಅಷ್ಟು ನಿಷ್ಠೆಯಿಂದ ಆರಾಧಿಸಿದವನು ತನ್ನ ಆರಾಧನೆಗೇ ಕಟ್ಟುಬಿದ್ದನೆಂದು ತೋರುತ್ತದೆ.

ಚೆಂದ್ರು ಸ್ವೀಡನ್ನಿಗೂ ಹೋಗಿಬಂದನು. ಅವನ ಮುಖ ಯುರೋಪಿನ ಮಕ್ಕಳ ಕೋಣೆಗಳಲ್ಲಿ, ಪುಸ್ತಕದ ಹೊದಿಕೆಯ ಮೇಲೆ, ಚಿರಪರಿಚಿತವಾಯಿತು. ಅನಂತರ ಅವನು ಗಡ್ ಬೆಂಗಾಲಿಗೆ ಮರಳಿದನು. ಅಲ್ಲಿಯೇ ಬೆಳೆದನು, ಸಂಸಾರಿಯಾದನು, ಮುಪ್ಪಾದನು, ಬಡವನಾಗಿಯೇ ಉಳಿದನು. ದೀರ್ಘ ಅಸ್ವಸ್ಥತೆಯ ಬಳಿಕ 2013ರ ಸೆಪ್ಟೆಂಬರಿನಲ್ಲಿ ತೀರಿಕೊಂಡನು. ಅವನ ನಿಧನದ ಸುದ್ದಿಯಿಂದಲೇ ಅವನ ಬದುಕಿನ ಸುದ್ದಿಯನ್ನು ಮೊದಲಿಗೆ ತಿಳಿದವರು ಈ ದೇಶದಲ್ಲಿ ಬಹುಮಂದಿ.

> ಮೈಸೂರು ಸೀಮೆಯ ಮೊಗ್ಲಿ
> ಚೆಂದ್ರುವಿಗೆ ಇಪ್ಪತ್ತು ವರ್ಷ ಮೊದಲು ಇದೇ ಬಗೆಯ ಕಥೆ ನಮ್ಮ ಕಾರಾಪುರದಲ್ಲಿ ನಡೆಯಿತು. ಮಾವುತನ ಮಗ ಸಾಬುವನ್ನು ನಾಯಕನನ್ನಾಗಿಸಿ ಫ್ಲಾಹರ್ಟಿಯೂ ಜೋಲ್ತಾನ್ ಕೋರ್ಡಾನೂ 'ಎಲಿಫೆಂಟ್ ಬಾಯ್' ತೆಗೆದರು. ಅದು 1937ರಲ್ಲಿ ತೆರೆಕಂಡಿತು. 1942ರ 'ಜಂಗಲ್ ಬುಕ್'ನಲ್ಲಿ ಮೊಗ್ಲಿಯ ಪಾತ್ರವನ್ನೇ ವಹಿಸಿದ ಸಾಬು, ಅಮೆರಿಕದ ಪ್ರಜೆಯಾಗಿ, ಮಹಾಯುದ್ಧದಲ್ಲಿ ಆ ದೇಶದ ವಾಯುಪಡೆಯಲ್ಲಿ ಸೇವೆಮಾಡಿ, 1963ರಲ್ಲಿ ಕ್ಯಾಲಿಫೋರ್ನಿಯದಲ್ಲಿ ನಿಧನನಾದನು. ಆಗ ಅವನಿಗೆ 39 ವರ್ಷ.

ಸೋಲಿನಿಂದ ರಿಯೊ ನಗರಕ್ಕೆ

ಬಸ್ತರದಿಂದ ಮರಳಿದವನ ಕಾಲ ಕೆಟ್ಟುಬಂದಿತು. ದಾಂಪತ್ಯ ಮುರಿಯಿತು. 1961ರಲ್ಲಿ ಬಂದ 'ಮರದ ಮೇಲಿನ ಹುಡುಗ' ಎಂಬ ಕಥಾಚಿತ್ರಕ್ಕೆ ಸ್ವೀಡನ್ನಿನ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ನನ ಚಿತ್ರಗಳಿಂದ ಪ್ರಸಿದ್ಧನಾದ ಗುನ್ನಾರ್ ಫಿಶರನ ಛಾಯಾಗ್ರಹಣವಿದ್ದಿತು. ಆಗಿನ್ನೂ ತರುಣನಾಗಿದ್ದ ಅಮೆರಿಕದ ಕ್ವಿನ್ಸಿ ಜೋನ್ಸನ ಸಂಗೀತವಿದ್ದಿತು. ಇಷ್ಟಿದ್ದೂ ವಿಮರ್ಶಕರು ಒಲಿಯಲಿಲ್ಲ, ಪ್ರೇಕ್ಷಕರು ಬರಲಿಲ್ಲ. ಪಶುಪಕ್ಷಿಗಳಿಂದ, ಅಭಿನಯವರಿಯದ ಮಕ್ಕಳಿಂದ ಸತ್ಯವನ್ನು ಹೊರಡಿಸಬಲ್ಲವನಾಗಿದ್ದ ಈತನಿಗೆ ಸಂಭಾಷಣೆಯ ಹದ ಸಿದ್ಧಿಸಲಿಲ್ಲವೆಂದು ಹೇಳಬೇಕು.

ಮರುವರ್ಷ ಯುನೆಸ್ಕೋದ ಕರೆ ಬಂದಿತು. ಆ ಸಂಸ್ಥೆಯೂ ಬ್ರೆಜಿಲಿನ ವಿದೇಶಾಂಗ ಇಲಾಖೆಯೂ ಸೇರಿ ರಿಯೊ ಡಿ ಜನೈರೊದಲ್ಲಿ ಏರ್ಪಡಿಸಿದ ಸಾಕ್ಷ್ಯಚಿತ್ರ ತರಗತಿಗೆ ಆತನು ಗುರುವಾಗಿ ಹೋದನು. ಆ ತರಗತಿಯಲ್ಲಿ, ಮುಂದೆ ಬ್ರೆಜಿಲಿನ ಚಿತ್ರರಂಗದಲ್ಲಿ ಹೆಸರಾದ ಅರ್ನಾಲ್ಡೊ ಜಬೋರ್ ಇದ್ದನು, ಎಡ್ವಾರ್ಡೊ ಎಸ್ಕೊರೆಲ್ ಇದ್ದನು, ವ್ಲಾಡಿಮಿರ್ ಹೆರ್ಜೋಗ್ ಇದ್ದನು. ದೃಶ್ಯದೊಡನೆಯೇ ಧ್ವನಿಯನ್ನೂ ಸ್ಥಳದಲ್ಲೇ ಹಿಡಿಯುವ ನಾಗ್ರಾ ಧ್ವನಿಗ್ರಾಹಕ ಯಂತ್ರವನ್ನು ಬ್ರೆಜಿಲಿನ ತರುಣರು ಕೈಯಾರೆ ಮುಟ್ಟಿ ಬಳಸಿದುದು ಆತನ ಬರವಿನಿಂದ.

ಗುರುಶಿಷ್ಯರಲ್ಲಿ ಅಭಿಪ್ರಾಯಭೇದವಿರಲಿಲ್ಲವೆಂದಲ್ಲ. ದೇಶದ ಹಸಿವು ಅಸಮಾನತೆಗಳನ್ನು ಕೂಗಿ ಹೇಳಬೇಕೆಂದು ತವಕಿಸುತ್ತಿದ್ದ ಆ ತರುಣರಿಗೆ ಈತನ ಕುಸುರಿಯ ಶಿಸ್ತು ಹಳತಾಗಿ ಕಂಡಿತು. ಆದರೆ ಕಲಿತ ವಿದ್ಯೆ ಉಳಿಯಿತು. ಹೆರ್ಜೋಗನು ಆ ತರಗತಿಯ ಫಲವಾಗಿ ಕೊಪಕಬಾನದ ಮೀನುಗಾರರ ಮೇಲೆ 'ಮರಿಂಬಾಸ್' ಎಂಬ ಕಿರುಚಿತ್ರವನ್ನು ತೆಗೆದನು. ಮುಂದೆ ಪತ್ರಕರ್ತನಾದ ಅವನನ್ನು 1975ರ ಅಕ್ಟೋಬರಿನಲ್ಲಿ ಸೈನಿಕ ಸರ್ಕಾರದವರು ಸಾವೊಪಾಲೊ ನಗರದಲ್ಲಿ ಬಂಧನದಲ್ಲಿಟ್ಟು ಚಿತ್ರಹಿಂಸೆ ಕೊಟ್ಟು ಕೊಂದರು. ಆ ಸಾವು ಬ್ರೆಜಿಲಿನ ಜನತೆಯನ್ನು ಬಡಿದೆಬ್ಬಿಸಿತು.

ಶಿಷ್ಯರಿಂದ ಗುರುವೂ ಕಲಿತನೆಂದು ನಂಬಲು ಆಧಾರವಿದೆ. ಆ ಆಧಾರ 1965ರ 'ನನ್ನ ಮನೆ ಕೊಪಕಬಾನ'. ಶ್ರೀಮಂತರ ವಿಹಾರತೀರವೆಂದು ಜಗತ್ಪ್ರಸಿದ್ಧವಾದ ಆ ಕಡಲಂಚಿನ ಮೇಲುಭಾಗದ ಗುಡ್ಡದಲ್ಲಿ, ಮನೆಯಿಲ್ಲದ ಮಕ್ಕಳು ಒಟ್ಟುಗೂಡಿ ಬದುಕುವ ಪರಿಯನ್ನು, ಆ ಮಕ್ಕಳ ಬಾಯಿಂದಲೇ ಕೇಳಿ, ಆ ಮಕ್ಕಳಿಂದಲೇ ಆಡಿಸಿದ ಚಿತ್ರವದು. ಇಲ್ಲಿ ಬೆಳಕು ಹಿಂದಿನಂತೆಯೇ ಸುಂದರವಾಗಿದೆ. ಆದರೆ ಆ ಬೆಳಕಿನಲ್ಲಿ ಹಸಿದ ಹೊಟ್ಟೆಯೂ ಕಳ್ಳತನವೂ ಪೋಲೀಸಿನವನೂ ಕಾಣುತ್ತಾರೆ. ಬಸ್ತರದಲ್ಲಿ ಚೌಕಟ್ಟಿನ ಹೊರಗುಳಿದುದು ರಿಯೊದಲ್ಲಿ ಒಳಗೆ ಬಂದಿತು.

ಹೋದವನು ಉಳಿದುಕೊಂಡನು

ಚಿತ್ರೀಕರಣ ಮುಗಿಸಿ ಊರಿಗೆ ಮರಳುವುದು ವಾಡಿಕೆ. ಸುಕ್ಸ್‌ಡಾರ್ಫನು ಮರಳಲಿಲ್ಲ. ಬ್ರೆಜಿಲಿನ ಪಶ್ಚಿಮ ಭಾಗದ ಮಾತೊ ಗ್ರೊಸೊ ಪ್ರಾಂತಕ್ಕೆ ಹೋಗಿ, ಉಷ್ಣವಲಯದ ಜೌಗುನಾಡುಗಳಲ್ಲೆಲ್ಲ ದೊಡ್ಡದೆನಿಸಿದ ಪಾಂಟನಾಲ್ ಸೀಮೆಯಲ್ಲಿ ಸಂಸಾರ ಹೂಡಿದನು. ಮಳೆಗಾಲದಲ್ಲಿ ಸಮುದ್ರದಂತೆ ಹರಡಿ, ಮಳೆಯಿಲ್ಲದ ಕಾಲದಲ್ಲಿ ಕೊಳಗಳಾಗಿ ಕುಗ್ಗುವ ನೀರು. ಅದರ ಸುತ್ತ ಜಾಗ್ವಾರ್, ಮೊಸಳೆ, ಜಬಿರು ಕೊಕ್ಕರೆ, ಕ್ಯಾಪಿಬರ. ಅಲ್ಲಿ ಆತನು ದಶಕಗಳ ಕಾಲ ಬಾಳಿದನು. ಅಲ್ಲಿನ ಜೀವರಾಶಿಯನ್ನು ಚಿತ್ರಗಳಲ್ಲಿ ಹಿಡಿದನು. ಕಾಡಿನ ನಾಶದ ವಿರುದ್ಧ ದನಿಯೆತ್ತಿದನು. ಆರೋಗ್ಯ ಕುಂದಿದ ಮೇಲೆ, 1990ರ ದಶಕದಲ್ಲಿ, ಸ್ವೀಡನ್ನಿಗೆ ಹಿಂದಿರುಗಿದನು. 2000ದಲ್ಲಿ ಆತನ ಆತ್ಮಕಥನ ಪ್ರಕಟವಾಯಿತು. ಮರುವರ್ಷ ನ್ಯುಮೋನಿಯಾ ತಗಲಿ ತೀರಿಕೊಂಡನು.

ಆ ಪೀಳಿಗೆಯ ನಿಸರ್ಗ ಚಿತ್ರಕಾರರಲ್ಲಿ ಮಗುವನ್ನೂ ಮೃಗವನ್ನೂ ಸಮಾನ ಗೌರವದಿಂದ ಕಂಡ ಮತ್ತೊಬ್ಬನನ್ನು ನಾನು ಅರಿಯೆ. ಚೆಂದ್ರುವಿನ ಪಾಲಿಗೆ ಆ ಗೌರವ ಚಿತ್ರ ಮುಗಿಯುವವರೆಗೆ ಮಾತ್ರ ಸಂದಿತೆಂಬುದೂ ಸತ್ಯವೇ. ಕಲಾವಿದನ ಹಿರಿಮೆಯನ್ನು ಹೇಳುವಾಗ ಈ ಬಾಕಿಯನ್ನೂ ಹೇಳತಕ್ಕದ್ದು. ಕ್ಯಾಮೆರಾದ ಮುಂದೆ ತಮ್ಮ ಬಾಳನ್ನು ತೆರೆದಿಟ್ಟವರ ಋಣ, ಪ್ರಶಸ್ತಿ ಬಂದ ದಿನಕ್ಕೆ ತೀರುವಂಥದಲ್ಲ.

ನಮ್ಮ ನಾಡಿನ ಚಿತ್ರಸಮಾಜಗಳಿಗೂ ಶಾಲಾಕಾಲೇಜುಗಳ ಸಿನಿಮಾ ಕೂಟಗಳಿಗೂ ನನ್ನದೊಂದು ಬಿನ್ನಹವಿದೆ. ಮಕ್ಕಳಿಗೆ 'ಮಹಾಸಾಹಸ'ವನ್ನು ತೋರಿಸಿರಿ. ಅದಕ್ಕೆ ಭಾಷೆಯ ತೊಡಕು ಬಹುಮಟ್ಟಿಗೆ ಇಲ್ಲ. ದೊಡ್ಡವರಿಗೆ 'ಅಡವಿಯ ಕಥೆ'ಯನ್ನೂ 'ನನ್ನ ಮನೆ ಕೊಪಕಬಾನ'ವನ್ನೂ ಒಂದರ ಬೆನ್ನಿಗೊಂದರಂತೆ ತೋರಿಸಿರಿ. ಸಾಧ್ಯವಾದರೆ ಅಂದು ನಾರಾಯಣಪುರದ ಕಡೆಯಿಂದ ಮುರಿಯಾ ಜನಾಂಗದವರೊಬ್ಬರನ್ನು ಅತಿಥಿಯಾಗಿ ಬರಮಾಡಿಕೊಂಡು, ತಮ್ಮ ಹಿರಿಯರು ಆ ತೆರೆಯ ಮೇಲೆ ಹೇಗೆ ಕಾಣುತ್ತಾರೆಂಬುದನ್ನು ಮೊದಲು ಅವರಿಂದಲೇ ಕೇಳಿರಿ.